ಕೊಟ್ಟೂರಲ್ಲಿ ಕೂತು ಐದೂರು ಆಳುವ ಮೈದುನ

ನನ್ನ ಮೈದುನ ಒಂದೇ ಹೊತ್ತಿಗೆ ಐದು ಊರಲ್ಲಿ ಇರಬಲ್ಲ. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ, ಬೇಕಾದರೆ ಅವನ ಹೆಂಡತಿಯನ್ನು ಕೇಳಿ. ಬೆಳಿಗ್ಗೆ ಹತ್ತಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಅವನ ತಂಗಿಯ ಮನೆಯ ನೀರಿನ ಮೋಟರು ಹಾಕುತ್ತಾನೆ. ಹತ್ತೂವರೆಗೆ ಹಡಗಲಿಯಲ್ಲಿ ಗೆಳೆಯನೊಬ್ಬನ ಮಲ್ಲಿಗೆ ತೋಟಕ್ಕೆ ಹನಿ ನೀರು ಬಿಡುತ್ತಾನೆ. ಆಮೇಲೆ ಕೂಡ್ಲಿಗಿಯ ನನ್ನ ಮನೆಗೆ ಬಂದು, ಹನ್ನೊಂದಕ್ಕೆ ಸರಿಯಾಗಿ ಹರಪನಹಳ್ಳಿ ಸೇರಿರುತ್ತಾನೆ. ಅವನು ಇರದೇ ಇರುವುದು ಒಂದೇ ಕಡೆ: ಕೊಟ್ಟೂರಿನ ತನ್ನ ಸ್ವಂತ ಮನೆಯಲ್ಲಿ. ತಮಾಷೆಯೆಂದರೆ, ಇಷ್ಟೆಲ್ಲ ನಡೆಯುವಾಗ ಅವನ ದೇಹ ಇರುವುದು ಮಾತ್ರ ಅದೇ ಮನೆಯ ಪಡಸಾಲೆಯಲ್ಲಿ, ಒಂದು ಕೈ ಮುರಿದ ಬೆತ್ತದ ಕುರ್ಚಿಯ ಮೇಲೆ!

‘ನಾ ಅಡಿಗಿಮನ್ಯಾಗಿಂದ ಹತ್ತು ಸಲ ಕೂಗಿದ್ರೂ ಹೂಂ ಅನ್ನಂಗಿಲ್ಲ ಅಕ್ಕಾ,’ ಎಂದು ನನ್ನ ಓರಗಿತ್ತಿ ಫೋನಿನಲ್ಲಿ ದೂರುತ್ತಾಳೆ. ‘ಅದೇ ಹಡಗಲಿ ಡಬ್ಬಿ ಒಂದ್ ಗಳಿಗಿ ಸುಮ್ನಾತಂದ್ರ, ಎದಿ ಹಿಡ್ಕೊಂಡು ಎದ್ದು ಕುಂದುರ್ತಾರ.’

ಡಬ್ಬಿ ಎಂದರೆ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡ, ಅಂದರೆ ಅಷ್ಟೇ ಚಿಕ್ಕ, ಕಂಪ್ಯೂಟರು. ಇಂಥದ್ದೊಂದನ್ನು ಅವನು ನಾಲ್ಕು ಊರಲ್ಲೂ ಇಟ್ಟಿದ್ದಾನೆ. ಐದನೆಯದು ಅವನ ತೊಡೆಯ ಮೇಲಿನ ಲ್ಯಾಪ್‌ಟಾಪು. ಅದರ ಪರದೆ ಕಪ್ಪು, ಅಕ್ಷರ ಬಿಳಿ. ಚಿತ್ರವಿಲ್ಲ, ಬಣ್ಣವಿಲ್ಲ, ಅತ್ತಿತ್ತ ಓಡಾಡುವ ಬಾಣದ ಗುರುತೂ ಇಲ್ಲ. ಮೌಸ್ ಹಿಡಿಯುವವರನ್ನು ಕಂಡರೆ ಅವನಿಗೆ ಕನಿಕರ. ‘ಬಾಯಿ ಇರೋರು ಬೆರಳು ತೋರಿಸಿ ಯಾಕ ಕೇಳಬೇಕು ಅತ್ತಿಗಿ? ಏನು ಬೇಕೋ ಅದನ್ನ ಬರದು ಹೇಳಿದ್ರಾತು’ ಎನ್ನುತ್ತಾನೆ.

ಜನ ಇದನ್ನು ಮಾಟವೆಂದೇ ತಿಳಿದಿದ್ದಾರೆ. ಮಾಟವಲ್ಲ, ಕಂಪ್ಯೂಟರ್ ವಿದ್ಯೆ, ಎಸ್ಸೆಸ್ಸೆಚ್ ಅಂತ ಹೆಸರು. ಗಲಾಟೆ ಮಾಡುವ ಕ್ಲಾಸನ್ನು ಸುಮ್ಮನಿರಿಸಲು ಮೂವತ್ತು ವರ್ಷ ನಾನು ಮಾಡಿದ ಶಬ್ದವೂ ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಇಷ್ಟೇ: ನನ್ನ ಮಾತನ್ನು ಯಾರೂ ಕೇಳಲಿಲ್ಲ, ಇವನ ಮಾತನ್ನು ನಾಲ್ಕೂರಿನ ಯಂತ್ರಗಳು ತುಟಿಪಿಟಕ್ಕೆನ್ನದೆ ಕೇಳುತ್ತವೆ! ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಇಲ್ಲಿ ಕೂತವನು ಒಂದು ಸಾಲಿನ ಅಪ್ಪಣೆ ಟೈಪ್ ಮಾಡುತ್ತಾನೆ. ಅದು ಅಲ್ಲಿರುವ ಕಂಪ್ಯೂಟರಿಗೆ ಹೋಗುತ್ತದೆ, ಅದು ಅಪ್ಪಣೆ ನಡೆಸಿ, ನಡೆಸಿದೆ ಎಂದು ಇಲ್ಲಿಗೆ ಬರೆಯುತ್ತದೆ. ದಾರಿಯಲ್ಲಿ ಹೋಗುವಾಗ ಅಕ್ಷರಗಳೆಲ್ಲ ಕಲಸುಮೇಲೋಗರವಾಗಿರುತ್ತವೆ. ನಡುವೆ ಯಾರು ಕದ್ದು ನೋಡಿದರೂ ತಲೆಬುಡ ತಿಳಿಯುವುದಿಲ್ಲ. ಎರಡು ತುದಿಗಳಲ್ಲಿ ಮಾತ್ರ ಬೀಗ ತೆರೆಯುತ್ತದೆ.

ಈ ಬೀಗದ ಹುಚ್ಚು ಅವನಿಗೆ ಸುಮ್ಮನೆ ಹತ್ತಿದ್ದಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವನು ಅವನು. ಟ್ರಂಕ್ ಕಾಲ್ ಕಾಲದಲ್ಲಿ ಈ ಸೀಮೆಯ ಮಾತೆಲ್ಲ ಅವನ ಕಿವಿಯ ಮೂಲಕವೇ ಹಾದು ಹೋಗಬೇಕಿತ್ತು. ಯಾವ ಹುಡುಗಿಗೆ ಯಾವ ಗಂಡು ಗೊತ್ತಾಯಿತು ಎನ್ನುವುದು ಹುಡುಗಿಯ ತಾಯಿಗಿಂತ ಮೊದಲು ಇವನಿಗೆ ಗೊತ್ತಾಗುತ್ತಿತ್ತು.

‘ನಡುವ ಕುಂತೋನ ಕಿವಿ ಎಷ್ಟು ಉದ್ದ ಇರ್ತೈತಿ ಅನ್ನೋದು ನನಗಿಂತ ಚೆಂದ ಯಾರಿಗೆ ಗೊತ್ತು ಅತ್ತಿಗಿ? ಆ ಕಿವಿ ನಂದೇ ಇತ್ತಲ್ಲ!’

ಕೇಳಿದ್ದನ್ನು ಇವತ್ತಿನವರೆಗೆ ಒಬ್ಬರ ಮುಂದೂ ಬಾಯಿ ಬಿಟ್ಟಿಲ್ಲ, ಅದನ್ನು ಮೆಚ್ಚಬೇಕು. ಬಿಟ್ಟಿದ್ದರೆ ಐದು ತಾಲೂಕಿನಲ್ಲಿ ಅರ್ಧಕ್ಕರ್ಧ ಮದುವೆ ಉಳಿಯುತ್ತಿರಲಿಲ್ಲ!

ಇನ್ನು ನನ್ನ ಮನೆಗೆ ಆ ಡಬ್ಬಿ ಬಂದ ಕಥೆ. ಹರಪನಹಳ್ಳಿಯಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳ ಒಂದು ಪುಟ್ಟ ಹಾಸ್ಟೆಲ್ ಇದೆ. ಬ್ರೈಲ್ ಪುಸ್ತಕಗಳು ಅಲ್ಲಿಗೆ ಬರುವುದು ಮಳೆಯ ಹಾಗೆ, ಬಂದರೆ ಬಂತು. ರಿಟೈರ್ ಆದ ಮೇಲೆ ನನಗೆ ಉಳಿದದ್ದು ದನಿ ಒಂದೇ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆತ್ತ ಹಿಡಿದು ತಿದ್ದಿದ ದನಿ ಅದು. ಸ್ಪಷ್ಟವಾಗಿ ಓದದಿದ್ದರೆ ಡಿನ್ನರ್ ಇಲ್ಲ ಎನ್ನುತ್ತಿದ್ದರು, ಐ ಟೆಲ್ ಯೂ! ಹಾಗಾಗಿ ನಾನು ಪಾಠದ ಪುಸ್ತಕಗಳನ್ನು ಮೈಕಿಗೆ ಓದತೊಡಗಿದೆ. ಕೂಡ್ಲಿಗಿಯಲ್ಲಿ ನಾನು ಓದುವುದು, ಕೊಟ್ಟೂರಿನಿಂದ ಮೈದುನ ಅದನ್ನು ನನ್ನ ಡಬ್ಬಿಯಿಂದ ಎತ್ತಿ ಹರಪನಹಳ್ಳಿಯ ಡಬ್ಬಿಗೆ ಇಳಿಸುವುದು. ದಿನಕ್ಕೊಂದು ಪಾಠ, ಹನ್ನೊಂದು ಗಂಟೆಗೆ. ಅಲ್ಲಿ ಹುಡುಗಿಯರು ಕೇಳಿ ಕಲಿಯುವುದು.

ಅವರಲ್ಲಿ ಹುಲಿಗೆಮ್ಮ ಎಂಬವಳು ಹೊಸಹಳ್ಳಿ ಕಡೆಯ ಹುಡುಗಿ. ಹತ್ತನೆಯ ಕ್ಲಾಸಿನಲ್ಲಿ ಎಲ್ಲ ಪಾಸಾಗಿ ಸಮಾಜ ವಿಜ್ಞಾನ ಒಂದರಲ್ಲಿ ಫೇಲಾಗಿ ಕೂತಳು. ಅದಕ್ಕೆ ಕಾರಣ ಅವಳಲ್ಲ, ನಾನು. ಆ ಪುಸ್ತಕದ ಅರ್ಧ ಪಾಠಗಳನ್ನು ಓದಿ ಮುಗಿಸಿರಲಿಲ್ಲ. ಮತ್ತೊಮ್ಮೆ ಪರೀಕ್ಷೆ ಕಟ್ಟಿದಳು. ಅವಳ ಸೋದರಮಾವ ಬಂದು ವಾರ್ಡನ್ ಎದುರು ಖಡಾಖಂಡಿತ ಹೇಳಿ ಹೋದನಂತೆ: ಈ ಸಲ ಆದರೆ ಕಾಲೇಜು, ಇಲ್ಲದಿದ್ದರೆ ಮನೆ. ಅವಳು ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು:

‘ಅಜ್ಜಿ, ನೀವು ಲಗೂ ಲಗೂ ಓದ್ರಿ, ನಾ ಲಗೂ ಲಗೂ ಕಲಿತೀನಿ.’

ಅದೇ ಹೊತ್ತಿಗೆ ನನ್ನ ಗಂಟಲು ಕೈಕೊಡಬೇಕೆ? ದನಿ ಹೊರಡಿಸುವ ಜಾಗದಲ್ಲಿ ಗಂಟಾಗಿದೆ, ಇವತ್ತಿನಿಂದ ಮಾತು ಬಂದ್ ಎಂದರು ಡಾಕ್ಟರು. ನಾನು ಕಾಯಿಪಲ್ಯೆಯವಳ ಹತ್ತಿರ ಮಾಡುವ ಹಾಗೆ ಚೌಕಾಸಿ ಮಾಡಿ, ಪುಸ್ತಕ ಮುಗಿಯುವವರೆಗೆ ದಿನಕ್ಕೆ ಅರ್ಧ ತಾಸು ಓದಲು ಪರ್ಮಿಷನ್ ಪಡೆದೆ. ಉಳಿದ ಹೊತ್ತು ಮೌನ. ನನ್ನನ್ನು ಬಲ್ಲವರು ಇದನ್ನು ಕೂಡ್ಲಿಗಿಯ ಎಂಟನೆಯ ಅದ್ಭುತ ಎಂದರು.

ಅಷ್ಟು ಅಮೂಲ್ಯವಾದ ನನ್ನ ದನಿಯನ್ನು ಈ ಮಹಾಶಯ ಯಾವುದಕ್ಕೆ ಖರ್ಚು ಮಾಡಿಸಿದ ಗೊತ್ತೆ? ನನ್ನ ಮನೆಯ ಹಳೆಯ ಡಬ್ಬಿ ಕೆಟ್ಟು ಹೊಸದು ಬಂದಿತ್ತು. ಹೊಸ ಯಂತ್ರಕ್ಕೆ ಮೊದಲ ಸಲ ಜೋಡಿಸುವಾಗ ಅದು ತನ್ನ ಬೆರಳಚ್ಚು ಎಂದು ಒಂದು ಉದ್ದನೆಯ ಅಕ್ಷರಮಾಲೆ ತೋರಿಸಿ, ನನ್ನನ್ನು ನಂಬುತ್ತೀಯಾ, ಹೌದೋ ಅಲ್ಲವೋ ಎಂದು ಕೇಳುತ್ತದೆ. ಲೋಕದ ಜನರೆಲ್ಲ ಅದರ ಮುಖವನ್ನೂ ನೋಡದೆ ಹೌದು ಎಂದು ಮುಂದೆ ಹೋಗುತ್ತಾರಂತೆ. ನನ್ನ ಮೈದುನ ಲೋಕದ ಜನರ ಪೈಕಿ ಅಲ್ಲ. ಬೆಳಿಗ್ಗೆ ನಾನಿನ್ನೂ ಚಹಾ ಕುಡಿದಿಲ್ಲ, ಫೋನು.

‘ಅತ್ತಿಗಿ, ನಿಮ್ಮ ಪರದಿ ಮ್ಯಾಲೆ ಏನು ಬಂದೈತಿ ಓದ್ರಿ. ನನ್ನ ಕಡಿ ಬಂದಿದ್ದಕ್ಕ ತಾಳೆ ನೋಡ್ತೀನಿ. ನಡುವ ಯಾರಾರ ನಿಮ್ಮ ವೇಷ ಹಾಕ್ಕೊಂಡು ಕುಂತಿದ್ರ?’

‘ನನ್ನ ವೇಷ ಯಾರು ಹಾಕ್ತಾರಪ್ಪಾ ಈ ವಯಸ್ಸಿನಾಗ?’

‘ಓದ್ರಿ ಸುಮ್ನ.’

ಓದಿದೆ. ಕ್ಯಾಪಿಟಲ್ ಕೆ. ಸ್ಮಾಲ್ ಕ್ಯೂ. ಸೆವೆನ್. ಸ್ಲ್ಯಾಶ್. ನಲವತ್ತಮೂರು ಅಕ್ಷರ! ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ವಾಸನೆ ಬೀದಿಗೆ ಹೋಯಿತು. ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ, ‘ಮೂವತ್ತೊಂದನೇದು ಇನ್ನೊಮ್ಮಿ ಹೇಳ್ರಿ’ ಎಂದ.

‘ಲೇ, ನಿಮ್ಮಣ್ಣನ್ನ ನನಗ ಗೊತ್ತು ಮಾಡೋವಾಗ ನಮ್ಮಪ್ಪ ಇದರಾಗ ಕಾಲು ಭಾಗಾನೂ ವಿಚಾರ ಮಾಡಿರಲಿಲ್ಲೋ!’

‘ಅದಕ್ಕ ನೋಡ್ರಿ ಅತ್ತಿಗಿ, ಮೋಸ ಹೋದ್ರಿ.’

ಅವನ ಅಣ್ಣ, ಅಂದರೆ ನಮ್ಮ ಯಜಮಾನರು, ಈಗ ಗೋಡೆಯ ಮೇಲೆ ಫೋಟೋದಲ್ಲಿದ್ದಾರೆ. ಆ ಕ್ಷಣ ಫೋಟೋ ಕೂಡ ನಕ್ಕಂತೆ ಕಂಡಿತು.

ಇನ್ನು ಅವನ ಕೀಲಿಗಳು. ಎರಡಿರುತ್ತವಂತೆ. ಒಂದನ್ನು ಯಾರಿಗೆ ಬೇಕಾದರೂ ಕೊಡಬಹುದು. ಅದು ಬೀಗವಿದ್ದ ಹಾಗೆ, ಎಲ್ಲ ಡಬ್ಬಿಗಳಿಗೂ ಹಾಕಿಟ್ಟಿದ್ದಾನೆ. ಇನ್ನೊಂದು ಗುಟ್ಟಿನದು, ಅದೇ ಬೀಗ ತೆಗೆಯುವುದು. ಅದನ್ನು ಒಂದು ಪೆನ್‌ಡ್ರೈವಿನಲ್ಲಿಟ್ಟು, ದಾರಕ್ಕೆ ಕಟ್ಟಿ, ಕೊರಳಲ್ಲಿ ಶಿವದಾರದ ಪಕ್ಕದಲ್ಲೇ ಹಾಕಿಕೊಂಡಿದ್ದಾನೆ. ಸ್ನಾನಕ್ಕೆ ಹೋಗುವಾಗಲೂ ತೆಗೆಯುವುದಿಲ್ಲ, ಪ್ಲಾಸ್ಟಿಕ್ ಚೀಲ ಸುತ್ತುತ್ತಾನೆ. ಆ ಕೀಲಿಗೂ ಮೇಲೊಂದು ಗುಟ್ಟಿನ ಮಾತು. ಅದನ್ನು ಟೈಪ್ ಮಾಡುವಾಗ ಅವನ ತುಟಿ ಅಲ್ಲಾಡುತ್ತದೆ.

‘ನಾ ಇಷ್ಟು ದಿನ ಮಂತ್ರ ಹೇಳ್ತಾರ ಅಂದ್ಕೊಂಡು ಕೈಮುಗೀತಿದ್ನೆಕ್ಕಾ!’ ಎಂದಳು ಓರಗಿತ್ತಿ.

ನನಗೂ ಒಂದು ಗುಟ್ಟಿನ ಮಾತು ಕೊಟ್ಟಿದ್ದ. ಅದನ್ನು ಟೈಪ್ ಮಾಡಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಚುಕ್ಕೆ ಇಲ್ಲ, ನಕ್ಷತ್ರ ಇಲ್ಲ. ಕೀಲಿಮಣೆ ಕೆಟ್ಟಿದೆ ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಹೊಡೆದೆ, ಕೊನೆಗೆ ಕೀಲಿಮಣೆಯನ್ನು ತಲೆಕೆಳಗು ಮಾಡಿ ಬಡಿದೆ. ಅದರಿಂದ ಕೊಬ್ಬರಿ ಬಿಸ್ಕತ್ತಿನ ಪುಡಿ ಉದುರಿತು, ಮನೆಯ ಯಂತ್ರ ನನ್ನನ್ನೇ ಕಳ್ಳಿ ಎಂದು ಬಗೆದು ಹೊರಗೆ ಹಾಕಿತು. ಫೋನ್ ಮಾಡಿದರೆ ಅವನಿಗೆ ಖುಷಿಯೋ ಖುಷಿ! ‘ಭೇಷ್! ಕಾವಲು ಚೆನ್ನಾಗಿ ಐತಿ!’

ಇಷ್ಟು ಜೋಪಾನದ ಮನುಷ್ಯ ತಪ್ಪನ್ನೇ ಮಾಡುವುದಿಲ್ಲ ಎಂದುಕೊಂಡಿರಾ? ಅಯ್ಯೋ ರಾಮಾ! ನಾಲ್ಕೂರಿನ ನಾಲ್ಕು ಕಪ್ಪು ಕಿಟಕಿಗಳು ಪರದೆಯ ಮೇಲೆ ಅಕ್ಕಪಕ್ಕ ತೆರೆದಿರುತ್ತವೆ, ನಾಲ್ಕೂ ಅವಳಿಜವಳಿ. ಹಗರಿಬೊಮ್ಮನಹಳ್ಳಿಯ ಡಬ್ಬಿಗೆ ‘ಇನ್ನು ಮಲಗು’ ಎಂದು ಹೇಳಲು ಹೋಗಿ ಹಡಗಲಿಯದಕ್ಕೆ ಹೇಳಿಬಿಡುತ್ತಾನೆ. ಅದು ವಿಧೇಯ ಯಂತ್ರ, ತಕ್ಷಣ ಮಲಗುತ್ತದೆ. ಒಮ್ಮೆ ಮಲಗಿದ ಯಂತ್ರವನ್ನು ದೂರದಿಂದ ಏಳಿಸಲು ಯಾವ ಅಪ್ಪಣೆಯಿಂದಲೂ ಆಗದು, ಕೇಳಿಸಿಕೊಳ್ಳುವ ಕಿವಿಯೇ ಮಲಗಿದೆಯಲ್ಲ! ಯಾರಾದರೂ ಕೈಯಾರೆ ಬಟನ್ ಒತ್ತಬೇಕು.

‘ತೋಟದೋರಿಗೆ ಹೇಳಿದ್ರ ಒತ್ತಾಕಿಲ್ಲೇನು?’ ಎಂದು ಒಮ್ಮೆ ಕೇಳಿದೆ.

‘ಬಟನ್ ಒತ್ತೋದು ಅಂದ್ರ ಹುಡುಗಾಟ ಅಂದ್ಕೊಂಡೀರೇನು? ಎಷ್ಟೊತ್ತು ಒತ್ತಬೇಕು ಅನ್ನೋದು ಗೊತ್ತಿರಬೇಕು.’

‘ಎಷ್ಟೊತ್ತು?’

‘ಒಂದು ಸೆಕೆಂಡು.’

ಆ ಒಂದು ಸೆಕೆಂಡಿಗಾಗಿ ಬಸ್ಸು ಹಿಡಿಯುತ್ತಾನೆ. ಕೂತಲ್ಲಿಂದ ಏಳದೆ ಊರೂರು ಆಳುತ್ತೇನೆಂದು ಹೊರಟವನು ವಾರಕ್ಕೆ ಮೂರು ದಿನ ಬಸ್‌ಸ್ಟ್ಯಾಂಡಿನಲ್ಲಿ! ಕೊಟ್ಟೂರಿನ ಕಂಡಕ್ಟರುಗಳೆಲ್ಲ ಅವನಿಗೆ ಪರಿಚಯ. ಟಿಕೆಟ್ ಕೊಡುವ ಮೊದಲು ಎಲ್ಲಿಗೆ ಎಂದು ಕೇಳುವುದಿಲ್ಲ. ‘ಏನ್ ಸಾರ್, ಇವತ್ತು ಯಾವೂರು ಆಫ್ ಆತು?’ ಎನ್ನುತ್ತಾರೆ.

ಹಡಗಲಿ ಆಫ್ ಆದ ದಿನ ಗೆಳೆಯನ ತೋಟದ ಮೊಗ್ಗು ಒಂದು ಪೊಟ್ಟಣ ಮನೆಗೆ ಬರುತ್ತದೆ. ‘ಅಕ್ಕಾ, ಇವರು ತಪ್ಪು ಮಾಡಿದ ದಿನಾನೇ ನನಗ ಮಲ್ಲಿಗಿ,’ ಎಂದಳು ಓರಗಿತ್ತಿ. ‘ಇನ್ನೂ ಸ್ವಲ್ಪ ತಪ್ಪು ಮಾಡ್ಲಿ ಅಂತ ಉಜ್ಜಿನಿ ಸ್ವಾಮಿಗೆ ಬೇಡ್ಕೊಂಡೀನಿ.’

ಅವಳ ಬೇಡಿಕೆ ಸ್ವಾಮಿಗೆ ಸ್ವಲ್ಪ ಜಾಸ್ತಿಯೇ ಕೇಳಿಸಿತೇನೋ.

ಹುಲಿಗೆಮ್ಮನ ಪರೀಕ್ಷೆ ಸೋಮವಾರ. ಶುಕ್ರವಾರ ಬೆಳಿಗ್ಗೆ ಡಾಕ್ಟರ ಅರ್ಧ ತಾಸಿನ ಲೆಕ್ಕ ಬದಿಗಿಟ್ಟು, ಕೊನೆಯ ನಾಲ್ಕು ಪಾಠಗಳನ್ನು ಒಟ್ಟಿಗೆ ಓದಿ ಮುಗಿಸಿದೆ. ಕೊನೆಯ ಪುಟಕ್ಕೆ ಬರುವಾಗ ನನ್ನ ದನಿ ಹಳೆಯ ಬಾಗಿಲಿನ ಹಾಗೆ ಕಿರ್ ಎನ್ನುತ್ತಿತ್ತು. ಇನ್ನು ಓದಲಾರೆ ಎಂದು ಗಂಟಲೇ ಹೇಳಿತು. ಓದಬೇಕಾಗಿಯೂ ಇರಲಿಲ್ಲ, ಥ್ಯಾಂಕ್ ಗಾಡ್. ಉಳಿದದ್ದು ಮೈದುನನ ಕೆಲಸ: ಒಂದೇ ಒಂದು ಸಾಲಿನ ಅಪ್ಪಣೆ.

ಹನ್ನೊಂದಾಯಿತು. ಹನ್ನೆರಡಾಯಿತು. ಅವನ ಫೋನು ಬಂತು. ದನಿಯಲ್ಲಿ ಎಂದಿನ ಬಿಗುವಿಲ್ಲ.

‘ಅತ್ತಿಗಿ, ಸಣ್ಣದೊಂದು ಎಡವಟ್ಟಾಗೈತಿ.’

ಆದದ್ದು ಇಷ್ಟು. ಕೊನೆಯ ಪಾಠಗಳು ಹೋಗುತ್ತಿವೆ, ಕಳ್ಳಕಾಕರ ಭಯ ಎಂದು ಹರಪನಹಳ್ಳಿಯ ಡಬ್ಬಿಯ ಕಾವಲನ್ನು ಇನ್ನಷ್ಟು ಬಿಗಿ ಮಾಡಲು ಹೋಗಿದ್ದಾನೆ. ಸಮಾಜ ವಿಜ್ಞಾನದ ಪಾಠ ಕದಿಯಲು ಯಾವ ಕಳ್ಳ ಬರುತ್ತಾನೆ ಎಂದು ಕೇಳಬೇಡಿ, ನಾನೂ ಕೇಳಲಿಲ್ಲ. ಎಲ್ಲ ಬಾಗಿಲುಗಳನ್ನೂ ಮುಚ್ಚು ಎಂದು ಅಪ್ಪಣೆ ಕೊಟ್ಟ. ಅದು ಮುಚ್ಚಿತು. ಅವನು ಒಳಗೆ ಹೋಗಿ ಬರುವ ಬಾಗಿಲನ್ನೂ ಮುಚ್ಚಿತು! ತೆಗೆ ಎಂದು ಕೂಗಲು ಈಗ ಕಿಂಡಿಯೂ ಇಲ್ಲ. ಟೊಂಗೆಯ ಮೇಲೆ ಕೂತು ಟೊಂಗೆ ಕಡಿದವನ ಕಥೆ ಕೇಳಿದ್ದೆ, ಸ್ವಂತ ಮೈದುನನಲ್ಲೇ ಕಂಡೆ.

‘ಹಾಸ್ಟೆಲಿಗೆ ಫೋನ್ ಮಾಡಿ ವಾರ್ಡನ್ನಿಗೆ ಹೇಳಬಾರದೇನೋ?’ ಎಂದು ಪಿಸುಗುಟ್ಟಿದೆ.

‘ಮಾಡಿದ್ನಿ. ಆ ಯಮ್ಮ ನಂಬಂಗಿಲ್ಲ.’

ಆಮೇಲೆ ವಾರ್ಡನ್ ಬಾಯಿಂದಲೇ ಕೇಳಿದೆ. ಇವನು, ‘ನಾನ್ರೀ ಕೊಟ್ಟೂರಿಂದ ಮಾತಾಡೋದು, ಡಬ್ಬಿ ಹತ್ತಿರ ಯಾರನ್ನಾದ್ರೂ ಕುಂದ್ರಸ್ರಿ, ನಾ ಹೇಳಿದಂಗ ಟೈಪ್ ಮಾಡ್ಲಿ’ ಎಂದನಂತೆ. ಆಕೆ, ‘ನೀವೇ ಹೇಳಿದ್ರಲ್ರೀ ಸಾರ್, ಫೋನಲ್ಲಿ ಯಾರಾದ್ರೂ ನಾನೇ ಅವನು ಅಂದ್ರೆ ಸುತಾರಾಂ ನಂಬಬ್ಯಾಡಿ ಅಂತ! ಗೋಡೆ ಮೇಲೆ ಬರೆದು ಅಂಟಿಸಿ ಹೋಗಿದ್ದೀರ, ಇಲ್ಲೇ ಐತೆ’ ಎಂದಳಂತೆ.

‘ನನ್ನ ದನಿ ಗೊತ್ತಾಗಂಗಿಲ್ಲೇನ್ರೀ?’

‘ದನಿ ಯಾರು ಬೇಕಾದ್ರೂ ಮಾಡ್ತಾರೆ ಅಂತಾನೂ ಬರ್ದಿದ್ದೀರಿ. ಎರಡನೇ ಸಾಲು.’

ಕಾವಲು ಚೆನ್ನಾಗಿತ್ತು!

ಶನಿವಾರ ಬೆಳಿಗ್ಗೆ ನಾನೇ ಹೊರಟೆ. ನಾಲ್ಕು ಪಾಠಗಳನ್ನು ಪೆನ್‌ಡ್ರೈವಿಗೆ ತುಂಬಿ, ಪರ್ಸಿನಲ್ಲಿ ಎಲೆ ಅಡಿಕೆಯ ಜೊತೆ ಇಟ್ಟುಕೊಂಡು ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಂದೆ. ಇಷ್ಟು ಕಾಲದ ಬೀಗ, ಕೀಲಿ, ಬೆರಳಚ್ಚು ಎಲ್ಲದರ ಕೊನೆಗೆ ಪಾಠ ಹೊತ್ತದ್ದು ತಲೆ ನರೆತ ಮುದುಕಿಯ ಪರ್ಸು! ಬಸ್‌ಸ್ಟ್ಯಾಂಡಿನಲ್ಲಿ ಮೈದುನ ಕಾಯುತ್ತಿದ್ದ. ಕಂಡಕ್ಟರ್ ಮುಖ ನೋಡಿದವನೇ ತಮಾಷೆ ಮಾಡದೆ ಎರಡು ಟಿಕೆಟ್ ಹರಿದು ಕೊಟ್ಟ. ಪೆಟ್ಟು ಬಿದ್ದ ಮನುಷ್ಯ ಎಲ್ಲರಿಗೂ ಗೊತ್ತಾಗುತ್ತಾನೆ.

ಹಾಸ್ಟೆಲಿನಲ್ಲಿ ವಾರ್ಡನ್ ಅವನನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಅವನನ್ನು ನೋಡಿ ಒಳಗೆ ಬಿಟ್ಟಳು. ಮೂಲೆಯ ಮೇಜಿನ ಮೇಲೆ ಡಬ್ಬಿಯಿತ್ತು, ಕೀಲಿಮಣೆಯಿತ್ತು. ಪರದೆ ಇರಲಿಲ್ಲ!

‘ಪರದಿ ಎಲ್ಲೈತ್ರೀ?’

‘ಆಫೀಸಿಗೆ ತಗಂಡು ಹೋದ್ವಿ ಸಾರ್. ಈ ಹುಡುಗೀರಿಗೆ ಅದು ಯಾಕೆ ಬೇಕು? ಆಫೀಸಿಗೆ ಈಗ ಬೀಗ, ಕ್ಲಾರ್ಕು ಸೋಮವಾರ ಬರ್ತಾರೆ.’

ಬಟನ್ ಒತ್ತಲು ಎಷ್ಟೋ ಸಲ ಬಂದಿದ್ದವನು ಇದನ್ನು ಗಮನಿಸಿಯೇ ಇರಲಿಲ್ಲ. ಒಂದು ಸೆಕೆಂಡಿನ ಕೆಲಸಕ್ಕೆ ಪರದೆ ಯಾರಿಗೆ ಬೇಕಿತ್ತು? ಈಗ ತಾನೇ ಇಟ್ಟ ಯಂತ್ರದ ಮುಂದೆ ತಾನೇ ಕುರುಡನಾಗಿ ನಿಂತಿದ್ದ. ನನ್ನ ಪರ್ಸಿನ ಪಾಠವನ್ನು ಚುಚ್ಚಲು ಹೋದರೆ, ಹೊರಗಿನ ಯಾವ ಪೆನ್‌ಡ್ರೈವನ್ನೂ ಮುಟ್ಟಬಾರದೆಂಬ ಕಟ್ಟಪ್ಪಣೆಯೂ ಇವನದೇ!

ಆಗ ಕುರ್ಚಿಯಲ್ಲಿ ಕೂತಿದ್ದ ತೆಳ್ಳನೆಯ ಹುಡುಗಿ ಮುಖ ಎತ್ತಿದಳು.

‘ಕೊಟ್ಟೂರಜ್ಜ ಏನ್ರಿ? ನಾ ಹುಲಿಗೆಮ್ಮ. ನಾ ಟೈಪ್ ಮಾಡ್ತೀನಿ, ಹೇಳ್ರಿ.’

ಡಬ್ಬಿಗೆ ಒಂದು ಸ್ಪೀಕರ್ ಇದೆ. ಪರದೆಯ ಮೇಲೆ ಮೂಡಬೇಕಾದ್ದನ್ನೆಲ್ಲ ಅದು ಗಿರಣಿಯ ಹಾಗೆ ಗಡಗಡ ಓದುತ್ತದೆ. ನನಗೆ ಒಂದಕ್ಷರ ತಿಳಿಯಲಿಲ್ಲ. ಅವಳು ತಲೆ ವಾಲಿಸಿ ಕೇಳುತ್ತ ಟೈಪ್ ಮಾಡಿದಳು. ಕಪ್ಪು ಪರದೆಯ ಆ ಭಾಷೆ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಚಿತ್ರವಿಲ್ಲ, ಬಾಣವಿಲ್ಲ, ಎಲ್ಲ ಮಾತು, ಮಾತಾದರೆ ಕೇಳಬಹುದಲ್ಲ.

ಒಡೆಯನ ಗುಟ್ಟಿನ ಮಾತು ಬೇಕೆಂದು ಯಂತ್ರ ಕೇಳಿದಾಗ ಮಾತ್ರ ಅವನು, ‘ಎಲ್ಲಾರೂ ಆ ಕಡಿ ಮುಖ ಮಾಡ್ರಿ’ ಎಂದ. ಕಣ್ಣಿಲ್ಲದ ಹುಡುಗಿಗೂ ಸೇರಿಸಿ! ಅವಳು ನಗುತ್ತ ಎದ್ದು ಗೋಡೆಯ ಕಡೆ ತಿರುಗಿದಳು. ಅವನು ತುಟಿ ಅಲ್ಲಾಡಿಸುತ್ತ ಟೈಪ್ ಮಾಡಿ ಮುಗಿಸಿದ.

‘ಹತ್ತೊಂಬತ್ತು ಅಕ್ಷರ, ಅಜ್ಜಾ,’ ಎಂದಳು ಗೋಡೆಗೆ ಮುಖ ಮಾಡಿಯೇ. ‘ಸಪ್ಪಳ ಎಣಿಸೀನಿ.’

ಮೈದುನನ ಮುಖ ನೋಡಬೇಕಿತ್ತು! ಇಷ್ಟು ವರ್ಷದಲ್ಲಿ ಅವನ ಕಾವಲಿನಲ್ಲಿ ಬಿದ್ದ ಮೊದಲ ಕಳ್ಳಗಿಂಡಿ.

ಕಾವಲಿನ ಸಾಲುಗಳನ್ನು ಯಂತ್ರ ಓದಿತು. ಇವನು ‘ಇನ್ನೊಮ್ಮಿ ಓದಿಸು’ ಎಂದು ಕಿವಿಗೊಡುತ್ತಿದ್ದಾನೆ, ತಪ್ಪು ಸಿಗುತ್ತಿಲ್ಲ. ಅವಳಿಗೆ ಎರಡನೇ ಸಲಕ್ಕೆ ಸಿಕ್ಕಿತು.

‘ಅಜ್ಜಾ, ಮೊದಲನೇ ಸಾಲಿನಾಗ ಎಲ್ಲಾರಿಗೂ ಬಾಗಲ ಹಾಕು ಅಂದೀರಿ. ಎರಡನೇದ್ರಾಗ ಕೊಟ್ಟೂರಿಗೆ ಅಷ್ಟ ತೆಗಿ ಅಂದೀರಿ. ಇದು ಮೊದಲನೇದು ಓದಿ ಅಲ್ಲೇ ನಿಂತ್ಕೊಂಡೈತಿ, ಎರಡನೇದಕ್ಕ ಬಂದೇ ಇಲ್ಲ. ಅದನ್ನ ಮ್ಯಾಲಕ್ಕ ಹಾಕಿ, ಇದನ್ನ ಕೆಳಗ ಹಾಕಿದ್ರಾತು.’

ಮೈದುನ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

‘ಇದನ್ನ ನಿನಗ ಯಾರು ಕಲಿಸಿದ್ರು ತಾಯಿ?’

‘ಯಂತ್ರದ ಹೊಟ್ಟಿಯಾಗ ಅದರ ಪುಸ್ತಕ ಐತಲ್ಲ ಅಜ್ಜಾ, ಇಂಗ್ಲೀಷಿಂದು. ಅಜ್ಜಿ ಪಾಠ ಮುಗಿದ ಮ್ಯಾಲೆ ದಿನಾ ಸ್ವಲ್ಪ ಕೇಳ್ತಿದ್ನಿ. ಅಜ್ಜಿ ಓದಿದ ಇಂಗ್ಲೀಷ್ ಪಾಠ ಕೇಳಿ ಕೇಳಿ ಇದೂ ತಿಳೀಲಿಕ್ಕೆ ಹತ್ತಿತು.’

ಸಾಲು ಮೇಲೆ ಕೆಳಗೆ ಆಯಿತು. ಮೈದುನ ಕೊಟ್ಟೂರಿಗೆ ಫೋನ್ ಮಾಡಿದ. ಬೆಳಿಗ್ಗೆಯೇ ಕೀಲಿ ತೆರೆದು, ಅಪ್ಪಣೆಯನ್ನೂ ಬರೆದು ಸಿದ್ಧ ಮಾಡಿಟ್ಟು ಬಂದಿದ್ದ ತನ್ನ ತೊಡೆಯ ಮೇಲಿನ ಯಂತ್ರವನ್ನು ಜನ್ಮದಲ್ಲಿ ಮೊದಲ ಸಲ ಹೆಂಡತಿ ಮುಟ್ಟಿದಳು, ಇವನು ಹೇಳಿದ ಗುಂಡಿ ಒತ್ತಿದಳು. ಇಲ್ಲಿ ಸ್ಪೀಕರ್ ಗಡಗಡ ಓದಿತು: ಪಾಠ ಒಂದು ಬಂತು, ಎರಡು ಬಂತು, ಮೂರು, ನಾಲ್ಕು. ನನ್ನ ಪರ್ಸಿನ ಪೆನ್‌ಡ್ರೈವ್ ಪರ್ಸಿನಲ್ಲೇ ಉಳಿಯಿತು. ಅಲ್ಲಿಂದ ಓರಗಿತ್ತಿ, ‘ಇಷ್ಟೇ ಏನ್ರೀ ನಿಮ್ಮ ದೊಡ್ಡ ವಿದ್ಯೆ?’ ಎಂದದ್ದು ಎಲ್ಲರಿಗೂ ಕೇಳಿಸಿತು.

ಹುಲಿಗೆಮ್ಮ ಕೇಳುವ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು ಆಗಲೇ ಕೂತುಬಿಟ್ಟಿದ್ದಳು. ನಾವು ಬರುತ್ತೇವೆ ಎಂದು ಹೇಳಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಮೈಯೆಲ್ಲ ಕಿವಿಯಾಗಿ, ನನ್ನ ಕಿರ್ ಎನ್ನುವ ದನಿಯನ್ನು ಕುಡಿಯುತ್ತಿದ್ದಳು.

ವಾಪಸು ಬಸ್ಸಿನಲ್ಲಿ ಮೈದುನ ಕೊರಳಿನ ಪೆನ್‌ಡ್ರೈವನ್ನು ಬೆರಳಲ್ಲಿ ತಿರುವುತ್ತ ಕೂತಿದ್ದ. ನಾನು ಮಾತಾಡುವ ಹಾಗಿರಲಿಲ್ಲ. ಜೋಳದ ಹೊಲಗಳು ಹಿಂದೆ ಹಿಂದೆ ಹೋಗುತ್ತಿದ್ದವು.

‘ಅತ್ತಿಗಿ,’ ಎಂದ ಕೊನೆಗೆ, ‘ಈ ಗುಟ್ಟೆಲ್ಲ ಯಾರಿಗೂ ಕೊಡದಂಗ ಹಿಡ್ಕೊಂಡು ಕುಂತೀನಲ್ಲ, ನಾ ಹೋದ ದಿನ ಈ ನಾಕೂ ಊರು ಒಮ್ಮಿಗೇ ಸುಮ್ಮನಾಗ್ತಾವು ಅಂತ ದಿನಾ ಹೆದರ್ತಿದ್ನಿ. ಹೇಳಿಕೊಳ್ಳಾಕ ನಾಚಿಕಿ ಆಗ್ತಿತ್ತು.’

ನಾನು ಅವನ ಕೈ ತಟ್ಟಿದೆ. ಅಷ್ಟಕ್ಕೆ ದನಿ ಬೇಕಾಗುವುದಿಲ್ಲ.

ಹುಲಿಗೆಮ್ಮ ಪಾಸಾದಳು. ವಾರ್ಡನ್ ಫೋನ್ ಮಾಡಿದಾಗ ನನಗೆ ಮಾತು ನಿಷೇಧ, ಗಂಟಲಿನ ಆಪರೇಷನ್ ಆಗಿ ಮೂರು ದಿನ. ಫೋನನ್ನು ಕಿವಿಗೆ ಹಿಡಿದು ತಲೆಯಾಡಿಸಿದೆ. ತಲೆಯಾಡಿಸಿದ್ದು ಫೋನಿನಲ್ಲಿ ಹೇಗೆ ಕಂಡೀತು? ಆ ಕಡೆಯಿಂದ ‘ಅಳಬ್ಯಾಡಿ ಅಮ್ಮಾ’ ಎಂದಳು ಆಕೆ, ನೋಡಿದವಳ ಹಾಗೆ. ಸೋದರಮಾವ ಮಾತಿಗೆ ತಪ್ಪಲಿಲ್ಲ. ಹುಡುಗಿ ಹರಪನಹಳ್ಳಿಯಲ್ಲೇ ಕಾಲೇಜು ಸೇರಿದಳು.

ಪಾಸಾದ ಸುದ್ದಿ ಬಂದ ಒಂದು ವಾರಕ್ಕೆ ಮೈದುನ ಕೂಡ್ಲಿಗಿಗೆ ಬಂದ. ಏನೂ ಆಫ್ ಆಗಿರಲಿಲ್ಲ! ಬಾಗಿಲಲ್ಲೇ ನಿಂತು, ‘ಅತ್ತಿಗಿ, ನಿಮ್ಮ ಡಬ್ಬಿಗೆ ಇನ್ನೊಬ್ಬರಿಗೆ ಕೀಲಿ ಕೊಡಬೇಕಂತ ಮಾಡೀನಿ. ಕೇಳಿ ಹೋಗಾಕ ಬಂದ್ನಿ’ ಎಂದ. ಅಪ್ಪಣೆ ಕೊಡುವುದನ್ನಷ್ಟೇ ಕಲಿತಿದ್ದವನು ಅಪ್ಪಣೆ ಕೇಳುತ್ತಿದ್ದ. ಯಾರಿಗೆ ಎಂದು ಅವನು ಹೇಳಲಿಲ್ಲ, ಇನ್ನೂ ಮಾತು ಬಂದ್ ಇದ್ದ ನಾನು ಸ್ಲೇಟಿನ ಮೇಲೆ ಬರೆದು ಕೇಳಲೂ ಇಲ್ಲ. ಹೂಂ ಎಂಬಂತೆ ಗೋಣು ಹಾಕಿದೆ.

ಡಾಕ್ಟರು ನನ್ನ ದನಿಯನ್ನು ಉಳಿಸಿಕೊಟ್ಟಿದ್ದಾರೆ, ಅವರಿಗೆ ನಮಸ್ಕಾರ. ಆದರೆ ಉಳಿದದ್ದು ಮನೆಬಳಕೆಗೆ ಸಾಕಾಗುವಷ್ಟು. ಹಾಲಿನವನಿಗೆ ಒಂದು ಲೀಟರ್ ಎನ್ನಬಹುದು, ಪುಸ್ತಕ ಓದಲಾಗದು. ಈ ವರ್ಷದ ಹುಡುಗಿಯರಿಗೆ ಪಾಠ ಯಾರು ಓದುತ್ತಾರೆ ಎಂದು ಚಿಂತಿಸುತ್ತ ಮೊನ್ನೆ ಕೂತಿದ್ದೆ. ಹನ್ನೊಂದು ಗಂಟೆಯ ಹೊತ್ತು. ನನ್ನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಒಂದೊಂದಾಗಿ ಮೂಡತೊಡಗಿದವು. ಹರಪನಹಳ್ಳಿಯಿಂದ ಯಾರೋ ಟೈಪ್ ಮಾಡುತ್ತಿದ್ದರು.

‘ಅಜ್ಜಿ ನಾ ಹುಲಿಗೆಮ್ಮ. ಬ್ರೈಲ್ ಪುಸ್ತಕ ಬಂದಾವು. ಸಣ್ಣ ಹುಡುಗೀರಿಗೆ ಈ ವರ್ಷ ನಾ ಓದ್ತೀನಿ. ಮೊದಲನೇ ಪಾಠ ನಿಮ್ಮ ಡಬ್ಬಿಗೆ ಕಳಿಸೀನಿ, ತಪ್ಪಿದ್ರ ತಿದ್ರಿ.’

ನನಗೆ ಯಾವ ಅಪ್ಪಣೆಯೂ ಬಾರದು. ತಡವರಿಸಿ ‘ಥ್ಯಾಂಕ್ಯೂ ಮಗಳೇ’ ಎಂದು ಟೈಪ್ ಮಾಡಿ ಗುಂಡಿ ಒತ್ತಿದೆ. ಅಂಥ ಅಪ್ಪಣೆ ನನ್ನಲ್ಲಿಲ್ಲ ಎಂದು ಯಂತ್ರ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿತು. ಇದ್ದಿದ್ದರೆ ಕೊಟ್ಟೂರಿಗೂ ಒಂದು ಕಳಿಸಬೇಕಿತ್ತು.

ಬಂದ ಪಾಠವನ್ನು ಹಚ್ಚಿದೆ. ಸ್ಪಷ್ಟವಾದ ದನಿ, ತಡವರಿಕೆಯಿಲ್ಲ. ಪೂರ್ಣವಿರಾಮಕ್ಕೆ ಪೂರ್ತಿ ನಿಲ್ಲುತ್ತಾಳೆ. ಬೆತ್ತದ ಭಯವಿಲ್ಲದೆಯೂ ಹೀಗೆ ಓದಲು ಬರುತ್ತದೆಯೆ ಎಂದು ಬೆರಗಾಗಿ, ತಿದ್ದಲು ಹಿಡಿದ ಪೆನ್ಸಿಲನ್ನು ಕೆಳಗಿಟ್ಟೆ. ಐದನೆಯ ಪುಟದ ಹತ್ತಿರ ಒಮ್ಮೆಲೇ ಓದು ನಿಂತಿತು.

‘ಸ್ವಲ್ಪ ತಡೀರಿ ಮಕ್ಕಳೇ, ನೀರು ಕುಡಿದು ಬರ್ತೀನಿ,’ ಎಂದಿತು ದನಿ.

ಅದು ನನ್ನ ಮಾತು! ಓದುತ್ತ ಓದುತ್ತ ಗಂಟಲು ಒಣಗಿದಾಗಲೆಲ್ಲ ಮೈಕಿನ ಮುಂದೆ ಹಾಗೆ ಹೇಳಿ ಏಳುತ್ತಿದ್ದೆ. ಅದನ್ನೆಲ್ಲ ಕತ್ತರಿಸಿ ಕಳಿಸು ಎಂದು ಮೈದುನನಿಗೆ ಹೇಳಿದ್ದೆ. ಅವನು ಕತ್ತರಿಸಿಲ್ಲ. ಒಂದೊಂದು ಪಾಠದಲ್ಲೂ ಹಾಗೆಯೇ ಕಳಿಸಿದ್ದಾನೆ. ಆ ಹುಡುಗಿ ಅದನ್ನೂ ಪಾಠದ ಜೊತೆ ಕಲಿತಿದ್ದಾಳೆ. ಪಾಠ ಓದುವವರು ನಡುವೆ ಒಮ್ಮೆ ಮಕ್ಕಳನ್ನು ಹೀಗೆ ಮಾತಾಡಿಸಬೇಕು ಎಂದು ತಿಳಿದಿದ್ದಾಳೆ.

ಸ್ಪೀಕರಿನಲ್ಲಿ ಕುರ್ಚಿ ಸರಿದ ಸದ್ದು, ಚೊಂಬಿನ ಸದ್ದು, ಹರಪನಹಳ್ಳಿಯ ಗುಬ್ಬಿಗಳ ಸದ್ದು. ಅವಳು ತಿರುಗಿ ಬರುವವರೆಗೆ ಇನ್ನೂ ಹೊತ್ತಿತ್ತು. ನಾನೂ ಎದ್ದು ಹೋಗಿ ನೀರು ಕುಡಿದೆ.